ಪಕ್ಕದ ಸಂಖ್ಯೆ

ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಅನಂತರ ಹಿಡಿದ ಕೆಲಸವನ್ನು ಅವರ ಹೆಂಡತಿ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದಳು: ಕಂಡವರ ಮನೆಯ ಚಿಲಕ ಅಲ್ಲಾಡಿಸಿ ನೋಡುವುದು. ಬ್ಯಾಂಕುಗಳು, ಅಂಗಡಿಗಳು, ಆಸ್ಪತ್ರೆಗಳು ತಮ್ಮ ವೆಬ್‌ಸೈಟಿನ ಭದ್ರತೆಯಲ್ಲಿ ಬಿರುಕು ಕಂಡವರು ಗುಟ್ಟಾಗಿ ತಿಳಿಸಲಿ, ತಿಳಿಸಿದವರಿಗೆ ಬಹುಮಾನವುಂಟು ಎಂದು ಸಾರುತ್ತವೆ. ಮೇಷ್ಟ್ರು ಬೆಳಗಿನ ಕಾಫಿ ಮುಗಿಸಿ, ಕಿಟಕಿಯ ಬದಿಯ ಮೇಜಿಗೆ ಕೂತು, ಅಂಥ ಬಿರುಕುಗಳನ್ನು ಹುಡುಕುತ್ತಿದ್ದರು. ಮೆಚ್ಚುಗೆಯ ಪತ್ರ ಬಂದರೆ ಒಡೆದು ಓದುವವಳು ಹೆಂಡತಿಯೇ. ಓದಿ, ತೂತು ಹೊಡೆದು, ನೀಲಿ ಕಡತಕ್ಕೆ ಸೇರಿಸುವವಳೂ ಅವಳೇ.

ಈ ಕೆಲಸದಲ್ಲಿ ಮೇಷ್ಟ್ರು ಒಂದು ವ್ರತವನ್ನು ಪಾಲಿಸುತ್ತಿದ್ದರು. ಬಾಗಿಲು ತೆರೆದಿದೆಯೆಂದು ತೋರಿಸಲು ಯಾರದಾದರೂ ಒಂದು ಪುಟವನ್ನು ತೆರೆದು ನೋಡಲೇಬೇಕು; ಅಪರಿಚಿತರದನ್ನು ಅವರು ಎಂದೂ ಮುಟ್ಟಿದವರಲ್ಲ. ಹೆಂಡತಿ ಬಹಳ ಹಿಂದೆಯೇ ಅಪ್ಪಣೆ ಕೊಟ್ಟಿದ್ದಳು: "ನನ್ನದೇ ತಗೊಳ್ಳಿ. ನೀವು ನೋಡದೇ ಇರೋದು ನನ್ನ ಹತ್ರ ಏನಿದೆ?"

ಆ ಬೆಳಗ್ಗೆ ಅವರು ರೋಗಪರೀಕ್ಷೆಯ ಪ್ರಯೋಗಾಲಯವೊಂದರ ವೆಬ್‌ಸೈಟಿನಲ್ಲಿ ತಮ್ಮ ಸಕ್ಕರೆಯ ಫಲಿತಾಂಶ ನೋಡುತ್ತಿದ್ದರು. ಪುಟದ ವಿಳಾಸದ ಕೊನೆಯಲ್ಲಿ ಅವರ ನೋಂದಣಿ ಸಂಖ್ಯೆ ಮುಚ್ಚುಮರೆಯಿಲ್ಲದೆ ನಿಂತಿತ್ತು. ವರ್ಷಗಳ ಹಿಂದೆ ಗಂಡ ಹೆಂಡತಿ ಒಂದೇ ಸಾಲಿನಲ್ಲಿ ನಿಂತು ಹೆಸರು ಬರೆಸಿದ್ದರು. ಅವಳದು ಪಕ್ಕದ ಸಂಖ್ಯೆ. ಕೊನೆಯ ಏಳನ್ನು ಎಂಟು ಮಾಡಿದರು. ತಡೆಯೇ ಇಲ್ಲದೆ ಪುಟ ತೆರೆದುಕೊಂಡಿತು.

ಸಿಕ್ಕಿಬಿದ್ದಿರಿ ಎಂದು ಪ್ರಯೋಗಾಲಯದವರನ್ನು ನೆನೆದು ಒಳಗೊಳಗೇ ನಕ್ಕರು. ಕಣ್ಣು ಕೆಳಗಿಳಿಯಿತು. ಯಕೃತ್ತಿನಿಂದ ತೆಗೆದ ಒಂದು ತುಣುಕಿನ ವರದಿ. ಅಕ್ಕನ ಮನೆಗೆಂದು ಅವಳು ಎರಡು ದಿನ ಹೋಗಿದ್ದಳಲ್ಲ, ಅದೇ ತಾರೀಖು. ಕೊನೆಯ ಸಾಲಿನಲ್ಲಿ, ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಎಂಬ ಮಾತು.

ಬೆನ್ನ ಹಿಂದೆ ಹೊಲಿಗೆಯಂತ್ರ ಓಡುತ್ತಲೇ ಇತ್ತು. ಮುಂದಿನ ತಿಂಗಳು ಮಗಳ ಹೆರಿಗೆ. ಅಜ್ಜಿಯಾಗುವವಳು ಕೂಸಿಗೆ ಅಂಗಿ ಹೊಲಿಯುತ್ತಿದ್ದಳು. ಹಿಂದಿನ ದಿನವಷ್ಟೇ ಮೇಷ್ಟ್ರು ಒಂದು ಅಂಗಿಯನ್ನು ಎತ್ತಿ ಹಿಡಿದು, "ಏನೇ ಇದು, ನಿನ್ನ ಮೊಮ್ಮಗು ಹುಟ್ಟುತ್ಲೇ ಸ್ಕೂಲಿಗೆ ಹೊರಡುತ್ತಾ?" ಎಂದು ಛೇಡಿಸಿದ್ದರು. "ನಿಮ್ಮ ವಂಶ ಅಲ್ವಾ, ಹುಟ್ಟುತ್ಲೇ ಪಾಠ ಮಾಡುತ್ತೆ," ಎಂದಿದ್ದಳು ಅವಳು. ಅಂಗಿಗಳು ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋದದ್ದೇಕೆಂದು ಈಗ ಅವರಿಗೆ ಅರ್ಥವಾಯಿತು. ತಿರುಗಿ ನೋಡಲು ಕತ್ತು ಒಪ್ಪಲಿಲ್ಲ.

ಮಧ್ಯಾಹ್ನ ಬಿರುಕಿನ ವರದಿ ಬರೆದು ಕಳಿಸಿದರು. ಪ್ರಯೋಗಾಲಯದಿಂದ ಮರುದಿನವೇ ಉತ್ತರ ಬಂತು: ತಪ್ಪನ್ನು ಸರಿಪಡಿಸುವವರೆಗೆ ಯಾರಿಗೂ ಹೇಳಬೇಡಿ, ಕಂಡದ್ದನ್ನು ಅಳಿಸಿಬಿಡಿ. ಅಳಿಸಿದರು. ಆ ನಿಯಮ ತಮ್ಮ ಮನೆಯ ಮಾತಿಗೆ ಅನ್ವಯಿಸದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಮರೆಯಲ್ಲಿ ನಿಂತರು. ಹೇಳಬೇಕಾದವಳು ಅವಳು, ಅವಳಾಗಿ ಹೇಳುವ ಹಕ್ಕನ್ನು ತಾವು ಕಸಿದುಕೊಂಡದ್ದು ಅವಳಿಗೆ ತಿಳಿಯದಿರಲಿ ಎಂಬುದೊಂದೇ ಅವರ ಆಸೆ. ಮೂರು ವಾರ, ಅವಳು ಬಾಯಿ ತೆರೆದಾಗಲೆಲ್ಲ ಈಗ ಹೇಳುತ್ತಾಳೆ ಎಂದುಕೊಂಡರು. ಅವಳು ಕೇಳಿದ್ದು ಉಪ್ಪು ಸಾಕಾ ಎಂದು, ಕರೆಂಟು ಹೋಯಿತಾ ಎಂದು.

ನಾಲ್ಕನೆಯ ವಾರ ಅಂಚೆಯಲ್ಲಿ ಪತ್ರ ಬಂತು. ಎಂದಿನಂತೆ ಅವಳೇ ಒಡೆದಳು.

"ಬಹುಮಾನ ಕೊಡ್ತಾರಂತೆ. ತಮ್ಮ ಪುಟದಲ್ಲಿ ನಿಮ್ಮ ಹೆಸರೂ ಹಾಕ್ತಾರಂತೆ," ಎಂದು ನಗುತ್ತ ಓದಿದವಳು ಮೇಲಿನ ಸಾಲಿಗೆ ಮರಳಿದಳು. ಅಲ್ಲಿ ಪ್ರಯೋಗಾಲಯದ ಹೆಸರೂ ಮೇಷ್ಟ್ರು ವರದಿ ಕಳಿಸಿದ ತಾರೀಖೂ ಇದ್ದವು. ನಗು ಮುಖದಲ್ಲೇ ಉಳಿಯಿತು, ಕಣ್ಣಿಂದ ಮಾತ್ರ ಹೋಯಿತು.

"ಯಾರ ಪುಟ ತೆಗೆದು ನೋಡಿದ್ರಿ?"

ಮೇಷ್ಟ್ರು ಕನ್ನಡಕ ಒರೆಸತೊಡಗಿದರು.

"ಮೇಷ್ಟ್ರೇ, ಪ್ರಶ್ನೆ ಕಷ್ಟದ್ದೇನಲ್ಲ."

"ಎಂದಿನ ಹಾಗೇ," ಎಂದರು.

ಅವಳು ಪತ್ರವನ್ನು ಮಡಿಸಿದ ಗೆರೆಯಲ್ಲೇ ಮತ್ತೆ ಮಡಿಸಿದಳು. "ಹೆರಿಗೆ ಆದ ಮಾರನೇ ದಿನ ಹೇಳೋಣ ಅಂತಿದ್ದೆ. ಕೂಸು ನಿಮ್ಮ ತೊಡೆ ಮೇಲಿರುವಾಗ. ಆಗ ಎದ್ದು ಹೋಗೋಕೆ ಆಗಲ್ಲ ನಿಮಗೆ. ಯಾವ ಮಾತು ಮೊದಲು, ಯಾವುದು ಆಮೇಲೆ ಅಂತ ದಿನಾ ಬಟ್ಟೆ ಹೊಲಿತಾ ಹೇಳಿಕೊಳ್ತಿದ್ದೆ. ಅದು ನಾನು ಹೇಳಬೇಕಾದ ಮಾತು ರೀ."

"ನಾನು ನೋಡೇ ಇಲ್ಲ ಅಂದುಕೋ. ಆವತ್ತೇ ಹೇಳು, ಕೇಳ್ತೀನಿ."

"ಮೂರು ವಾರ ಸುಮ್ಮನಿದ್ರಲ್ಲ."

"ಹೇಳಬಾರದು ಅಂತ ನಿಯಮ..."

"ಅದು ಅವರ ಬಾಗಿಲಿಗೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಮೇಷ್ಟ್ರಿಗೆ ಹಿಡಿದುಕೊಳ್ಳಲು ಏನಾದರೂ ಸಿಕ್ಕುತ್ತಿತ್ತು. "ನಾನೂ ಇದ್ದೆ ಬಿಡಿ, ಸುಮ್ಮನೆ. ಇಬ್ರೂ ಸೇರಿ ಮೂರು ವಾರ ಹಾಳು ಮಾಡಿದ್ವಿ. ಉಳಿದಿರೋದೇ ಸ್ವಲ್ಪ ದಿನ."

ಪತ್ರ ಕಡತಕ್ಕೆ ಹೋಗಲಿಲ್ಲ; ಹೊಲಿಗೆಯಂತ್ರದ ಮೇಲೆ, ಕತ್ತರಿಯ ಕೆಳಗೆ ಉಳಿಯಿತು. ಅವಳು ಸೂಜಿಯನ್ನೂ ಬಿಳಿಯ ದಾರವನ್ನೂ ಅವರತ್ತ ಚಾಚಿದಳು.

"ಗುಂಡಿ ಹಾಕಬೇಕು. ಪೋಣಿಸಿ ಕೊಡಿ. ಕಣ್ಣು ಮಂಜಾಗ್ತಿದೆ."

ಮೇಷ್ಟ್ರು ಕಿಟಕಿಯ ಬೆಳಕಿಗೆ ಸೂಜಿ ಹಿಡಿದರು. ಅವಳ ಮಡಿಲಲ್ಲಿ ತೋಳಿನ ಅಂಚು ಮಡಿಸಿದ ನೀಲಿ ಅಂಗಿಯೊಂದಿತ್ತು.

"ಇದು ಎಷ್ಟನೇ ವರ್ಷದ್ದು?"

"ಆರು," ಎಂದಳು. "ಏಳಕ್ಕೆ ಬಟ್ಟೆ ಸಾಲದು."

ದಾರದ ತುದಿ ಮೂರು ಸಲ ಸೂಜಿಯ ಕಣ್ಣಿನ ಪಕ್ಕದಲ್ಲೇ ಹಾದುಹೋಯಿತು. ಅವಳು ಕೈ ಚಾಚಿಕೊಂಡೇ ಕಾದಳು.