ಎರಡನೆಯ ಗುದ್ದು

ಐಸ್ ಗಾಡಿಯವನ ಮುಂದಿನ ಹಲ್ಲುಗಳು ಉದುರಿದ್ದು ಅಣ್ಣ ತಂಗಿ ಇಬ್ಬರ ಹೋದ ಬೈಕ್ ಸೀಸನ್ನಿನ ಕೊನೆಯ ಸವಾರಿಯ ದಿನ. ತಪ್ಪು ಅವನದೇ. ಕೂಡುರಸ್ತೆಯಲ್ಲಿ ಹಾರ್ನು ಹೊಡೆಯದೆ, ಹಿಂದೆ ಮುಂದೆ ನೋಡದೆ ವ್ಯಾನನ್ನು ಅಡ್ಡ ತಿರುಗಿಸಿದ. ಹಿಂದೆ ಬರುತ್ತಿದ್ದವಳು ಬ್ರೇಕು ಹಿಡಿದು, ಜಾರಿ, ಬೈಕಿನ ಸಮೇತ ಚರಂಡಿಗೆ ಬಿದ್ದಳು. ಎದ್ದು ಮೈ ಕೊಡವಿಕೊಳ್ಳುವಷ್ಟರಲ್ಲಿ ಅವಳ ಅಣ್ಣ ವ್ಯಾನಿನ ಕಿಟಕಿಯೊಳಗೆ ಕೈ ಹಾಕಿ ಅವನ ಕೊರಳಪಟ್ಟಿ ಹಿಡಿದಾಗಿತ್ತು.

"ಬಿಡೋ ಅಣ್ಣ, ನನಗೇನೂ ಆಗಿಲ್ಲ, ಬಿಡೋ!" ಎಂದು ಅವಳು ತೋಳಿಗೆ ಜೋತುಬಿದ್ದಳು. ಅಣ್ಣ ಜೋತುಬಿದ್ದ ಅವಳನ್ನೂ ಎಳೆದುಕೊಂಡೇ ಕೈ ಬೀಸುತ್ತಿದ್ದ. ವ್ಯಾನಿನ ಬಾಗಿಲಿಗೆ, ಅವಳ ಗ್ಲೌಸಿಗೆ, ಅಣ್ಣನ ಹೆಲ್ಮೆಟ್ಟಿನ ಗಾಜಿಗೆ ರಕ್ತ ಸಿಡಿಯಿತು. ದಾರಿಹೋಕರು ನಾಲ್ಕೈದು ಮಂದಿ ಸೇರಿ ಬಿಡಿಸುವ ಹೊತ್ತಿಗೆ ಐಸ್ ಗಾಡಿಯವನು ರಸ್ತೆಯ ಮೇಲೆ ಕೂತು ಅಂಗೈಯಲ್ಲಿ ತನ್ನ ಹಲ್ಲು ಹಿಡಿದು ನೋಡುತ್ತಿದ್ದ.

ಅಣ್ಣನಿಗೆ ಹೆತ್ತವರಿಟ್ಟ ಹೆಸರು ಬೇರೆ ಏನೋ ಇತ್ತು, ಬಳಸುವವರಿರಲಿಲ್ಲ. ಊರಿಗೆಲ್ಲ ಅವನು ಗುದ್ದಪ್ಪ. ಕಸುಬು ಮನೆಮನೆಗೆ ಟೈಲ್ಸ್ ಹಾಕುವುದು. ಮಂಡಿಯೂರಿ ಕೂತರೆ ದಿನವಿಡೀ ತುಟಿ ಬಿಚ್ಚುತ್ತಿರಲಿಲ್ಲ; ಅಷ್ಟು ಸಾಧು. ಬೈಕು ಹತ್ತಿ ರಸ್ತೆಗಿಳಿದರೆ ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು. ಕನ್ನಡಿ ಮುರಿದದ್ದು, ಒಬ್ಬನ ಬೀಗದ ಕೈ ಕಿತ್ತು ನಾಲೆಗೆ ಎಸೆದದ್ದು, ಇನ್ನೊಬ್ಬನ ಕಿವಿಯಲ್ಲಿ ವಾರಗಟ್ಟಲೆ ಗುಂಯ್ ಎನ್ನಿಸಿದ್ದು, ಇವೆಲ್ಲ ಹಿಂದಿನ ಸೀಸನ್ನುಗಳ ಸಾಹಸಗಳು. ಹಲ್ಲಿನ ದಿನ ಅವನ ಹೆಂಡತಿ ಬಟ್ಟೆ ಜೋಡಿಸಿಕೊಂಡು ತವರಿಗೆ ಹೋದಳು. ಚಳಿಗಾಲ ಪೂರ್ತಿ ಬರಲಿಲ್ಲ. ಕೊನೆಗೆ ಬಂದವಳು ಹೊಸ್ತಿಲಲ್ಲಿ ನಿಂತೇ ಹೇಳಿದಳು: "ಇನ್ನೊಂದ್ಸಲ ಯಾರದೋ ರಕ್ತ ಮೈಗೆ ಹಚ್ಕೊಂಡು ಮನೆಗೆ ಬಂದ್ರೆ, ನಾನು ಚಪ್ಪಲಿ ಹಾಕ್ಕೊಳ್ಳೋದಕ್ಕೂ ನಿಲ್ಲಲ್ಲ ಕಣ್ರೀ."

ತಂಗಿ ಅದೇ ಮನೆಯ ಮುಂದಿನ ಕೋಣೆಯಲ್ಲಿ ಬೈಕುಗಳ ಸೀಟು ಹೊಲಿಯುತ್ತಿದ್ದಳು. ಗೋಡೆಯುದ್ದಕ್ಕೂ ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಫೋಮಿನ ರಾಶಿ, ನಡುವೆ ಹಳೆಯ ಮೆಷಿನ್ನು. ಚಳಿ ಕಳೆದು, ಚಳಿಗಾಲಕ್ಕೆಂದು ಮುಚ್ಚಿದ್ದ ಬೆಟ್ಟದ ರಸ್ತೆಯ ಗೇಟು ತೆಗೆಯುತ್ತಾರೆಂಬ ಸುದ್ದಿ ಬಂದೊಡನೆ ಅಣ್ಣ ತಂಗಿ ಇಬ್ಬರೂ ಅಲ್ಲಿ ಕೂತು, ಈ ಸಲ ಏನೇನು ಸಾಧಿಸಬೇಕು ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದು ಅವರಿಬ್ಬರ ಕಟ್ಟಳೆ. ಹೇಳಿದ್ದನ್ನು ಮಾಡದವರು ಮುಂದಿನ ಸೀಸನ್ನಿನವರೆಗೂ ಚುಚ್ಚುಮಾತು ಕೇಳಬೇಕು.

"ಹೂಂ, ಶುರು ಮಾಡೇ," ಎಂದ ಗುದ್ದಪ್ಪ, ಫೋಮಿನ ಮೇಲೆ ಕಾಲು ಚಾಚಿ.

ಅವಳು ಹೊಲಿಗೆಯಿಂದ ತಲೆ ಎತ್ತಲಿಲ್ಲ. "ಬೆಟ್ಟದ ತಿರುವು ಒಂದರಲ್ಲೂ ಕಾಲೂರದೆ ತುದಿ ಮುಟ್ಟಬೇಕು. ಹೋದ ಸಲ ಮೇಲಿನ ತಿರುವಲ್ಲಿ ಬಾತುಕೋಳಿ ಥರ ಕಾಲು ಇಳಿಬಿಟ್ಟಿದ್ದು ಇನ್ನೂ ಮರೆತಿಲ್ಲ. ಆಮೇಲೆ ಒದ್ದೆ ರಸ್ತೆ ಭಯ ಬಿಡಬೇಕು. ಮಾರ್ಕೆಟ್ ಹಿಂದಿನ ಮೈದಾನಕ್ಕೆ ನೀರು ಹಾಕಿಸಿ ಬ್ರೇಕು ಹಿಡಿಯೋದು ಕಲೀತೀನಿ, ಬಿದ್ರೆ ಬೀಳ್ತೀನಿ. ಮತ್ತೆ, ಬೆಳಿಗ್ಗೆ ಹೊರಟು ಸಮುದ್ರ ಮುಟ್ಟಿ ಅದೇ ದಿನ ವಾಪಸ್ಸು. ಒಬ್ಬಳೇ."

"ಒಬ್ಬಳೇ?"

"ನೀನು ಬಂದ್ರೆ ದಾರೀಲಿ ಆರು ಜನರ ಜೊತೆ ಜಗಳ ಆಗುತ್ತೆ, ಸಮುದ್ರ ಕತ್ತಲಾದ್ಮೇಲೆ ಸಿಗುತ್ತೆ."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ನಗಲಿಲ್ಲ. ಗುದ್ದಪ್ಪ ಅವಳ ಕಡೆ ನೋಡಿ, ಕಾಲು ಮಡಿಸಿ ನೆಟ್ಟಗೆ ಕೂತ. "ನಂದು ಒಂದೇ. ಯಾರ ಮೇಲೂ ಕೈ ಎತ್ತಲ್ಲ. ಅವರೇ ಹೊಡೆದ್ರೂ ಎತ್ತಲ್ಲ."

"ಅದು ಬೈಕಿನ ಗುರಿ ಹೇಗಾಗುತ್ತೋ?" ಎಂದಳು ತಂಗಿ.

"ನನಗೆ ಬೆಟ್ಟ ಹತ್ತೋದು ಏನೂ ಅಲ್ಲ ಕಣೇ. ಇದೇ ಕಷ್ಟ."

ಗೇಟು ತೆರೆದ ದಿನ ಬೆಳಿಗ್ಗೆಯೇ ಹೊರಟರು. ಬೆಟ್ಟದ ಬುಡದ ಪೆಟ್ರೋಲ್ ಬಂಕಿನಲ್ಲಿ ಅವಳು ಟ್ಯಾಂಕು ತುಂಬಿಸುತ್ತಿದ್ದಾಗ ಗೋಡೆಯ ಬದಿಗೆ ನಿಂತಿದ್ದ ಐಸಿನ ವ್ಯಾನು ಕಣ್ಣಿಗೆ ಬಿತ್ತು. ಹಿಂಬಾಗಿಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಮರೆಯಿಂದ ಐಸ್ ಗಾಡಿಯವನು ಬಂದ. ಕೈಯಲ್ಲಿ ಐಸಿನ ಗಡ್ಡೆಗಳನ್ನೆಳೆಯುವ ಕಬ್ಬಿಣದ ಕೊಕ್ಕೆ. ಹಿಂದೆ ಅವನ ಭಾವಮೈದುನ, ಗೂಳಿಯಂಥ ಆಳು, ಜಾಕಿಯ ರಾಡು ಹಿಡಿದಿದ್ದ.

"ಏನಪ್ಪಾ ಗುದ್ದಪ್ಪ, ಗುರ್ತು ಸಿಕ್ತಾ?" ಹಲ್ಲಿಲ್ಲದ ಸಂದಿನಲ್ಲಿ ಮಾತಿನ ಜೊತೆ ಗಾಳಿ ಸಿಳ್ಳೆ ಹಾಕಿತು.

"ಸಿಕ್ತು," ಎಂದ ಗುದ್ದಪ್ಪ. ಹೆಲ್ಮೆಟ್ಟು ತೆಗೆದು ಸೀಟಿನ ಮೇಲಿಟ್ಟ. "ಆವತ್ತು ನಾನು ಮಾಡಿದ್ದು ಜಾಸ್ತಿ ಆಯ್ತು. ತಪ್ಪಾಯ್ತು ಮಾರಾಯ."

ಐಸ್ ಗಾಡಿಯವನು ಜಗಳಕ್ಕೆ ಸಜ್ಜಾಗಿ ಬಂದಿದ್ದನೇ ಹೊರತು ಈ ಮಾತಿಗಲ್ಲ. ಅರೆಗಳಿಗೆ ತಬ್ಬಿಬ್ಬಾಗಿ ನಿಂತ. ಆ ಅರೆಗಳಿಗೆಯಲ್ಲಿ ಭಾವಮೈದುನ ಹಿಂದಿನಿಂದ ಬಂದು ಗುದ್ದಪ್ಪನ ತೊಡೆಗಳ ಮೇಲೆ ರಾಡು ಬೀಸಿದ.

ಗುದ್ದಪ್ಪ ಮಂಡಿಯೂರಿ ಬಿದ್ದ. ಬಿದ್ದವನು ಎರಡೂ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಿಗಿಯಾಗಿ ಒತ್ತಿಕೊಂಡ, ಅವು ಎಲ್ಲಿ ತಪ್ಪಿಸಿಕೊಂಡು ಹೋಗುತ್ತವೋ ಎನ್ನುವಂತೆ. ರಾಡು ಬೆನ್ನಿಗೆ ಬಿತ್ತು, ಪಕ್ಕೆಗೆ ಬಿತ್ತು. ಐಸ್ ಗಾಡಿಯವನು ಬೂಟುಗಾಲಿನಿಂದ ಮುಖಕ್ಕೆ ಒದ್ದ. "ಎತ್ತೋ ಕೈ! ಆವತ್ತು ಎತ್ತಿದ್ಯಲ್ಲ, ಎತ್ತು ಈಗ!" ಗುದ್ದಪ್ಪನ ಬಾಯಿಂದ ರಕ್ತ ಇಳಿದು ಗಲ್ಲದಿಂದ ಜೋತಾಡಿತು. ಕೈಗಳು ಕಂಕುಳಲ್ಲೇ ಇದ್ದವು.

"ಅಣ್ಣ, ಏಳೋ! ಹೊಡಿಯೋ ಅವನಿಗೆ! ಹೊಡಿ!" ಕಿರುಚುತ್ತಿದ್ದದ್ದು ತಾನೇ ಎಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಓಡಿಹೋಗಿ ಭಾವಮೈದುನನ ತೋಳಿಗೆ ಕಚ್ಚಿದಳು. ಅವನು ನೊಣ ಕೊಡವಿದಂತೆ ಕೊಡವಿದ. ಅವಳ ತಲೆ ಪೆಟ್ರೋಲ್ ಪಂಪಿಗೆ ಬಡಿಯಿತು. ಬಂಕಿನ ಹೆಂಗಸು ಬಾಯಿ ಬಡಿದುಕೊಳ್ಳುತ್ತ ಫೋನು ಮಾಡಲು ಒಳಗೆ ಓಡಿದಳು.

ಆಗ ಐಸ್ ಗಾಡಿಯವನು ಕೊಕ್ಕೆಯನ್ನು ತಿರುಗಿಸಿ ಚೂಪು ಕೆಳಗಾಗುವಂತೆ ಹಿಡಿದ. ಗುದ್ದಪ್ಪನ ಹೆಗಲಿಗೆ ಇಳಿಸಿ ಎಳೆದ. ಜಾಕೆಟ್ಟಿನ ಚರ್ಮ ಹರಿಯಿತು, ಅದರೊಳಗಿನದೂ ಹರಿಯಿತು. ಗುದ್ದಪ್ಪ ಮೊದಲ ಬಾರಿಗೆ ಕೂಗಿದ. ಐಸ್ ಗಾಡಿಯವನು ಎರಡು ಹೆಜ್ಜೆ ಹಿಂದೆ ಸರಿದು, ವ್ಯಾನಿನ ಬಂಪರಿಗೆ ಕಾಲು ತಾಗಿಸಿ ನಿಂತು, ಮತ್ತೆ ಕೊಕ್ಕೆ ಎತ್ತಿದ.

ಅಷ್ಟರಲ್ಲಿ ತಂಗಿ ಬೈಕು ಹತ್ತಿದ್ದಳು. ಕ್ಲಚ್ಚು ಬಿಟ್ಟಳು.

ಮುಂದಿನ ಚಕ್ರ ಅವನ ಮೊಣಕಾಲನ್ನು ಬಂಪರಿಗೆ ಒತ್ತಿತು. ಹಳೆಯ ಸೀಟಿನ ಹಲಗೆಯನ್ನು ಮುರಿದು ತೆಗೆಯುವಾಗ ಬರುವಂಥ ಸದ್ದು. ಕೊಕ್ಕೆ ನೆಲಕ್ಕೆ ಬಿತ್ತು. ಐಸ್ ಗಾಡಿಯವನು ವ್ಯಾನಿಗೆ ಒರಗಿದಂತೆಯೇ ಎರಡೂ ಅಂಗೈಗಳನ್ನು ಎತ್ತಿ ಹಿಡಿದು, "ಬೇಡ, ಬೇಡ," ಎಂದ. ಸಣ್ಣ ದನಿಯಲ್ಲಿ, ಸ್ಪಷ್ಟವಾಗಿ ಹೇಳಿದ.

ಅವಳು ಎರಡೂ ಕಾಲಿನಿಂದ ನೆಲ ತಳ್ಳಿ ಬೈಕನ್ನು ಹಿಂದಕ್ಕೆಳೆದಳು. ಅವನ ಮುಖವನ್ನೇ ನೋಡುತ್ತಿದ್ದಳು. ಮತ್ತೆ ಕ್ಲಚ್ಚು ಬಿಟ್ಟಳು.

ಈ ಸಲ ಅವನು ಕೂಗಲೂ ಇಲ್ಲ. ಕುಸಿದ. ಬೈಕೂ ಅವಳೂ ಅವನ ಪಕ್ಕಕ್ಕೇ ಉರುಳಿದರು. ಭಾವಮೈದುನ ರಾಡು ಎಸೆದು ಬಂದು, ಅವನ ತಲೆಯನ್ನು ತೊಡೆಗೆ ಎಳೆದುಕೊಂಡು ಮಗುವಿನ ಹಾಗೆ ಅಳತೊಡಗಿದ.

ಪೊಲೀಸರು ಬಂದಾಗ ಭಾವಮೈದುನ "ಎರಡು ಸಲ ಗುದ್ದಿದ್ಳು ಸಾರ್, ಕೈ ಎತ್ತಿದ್ಮೇಲೂ ಗುದ್ದಿದ್ಳು," ಎಂದು ಬಡಕೊಂಡ. ರಾಡಿನ ಮೇಲೆ ಗುದ್ದಪ್ಪನ ರಕ್ತ ಇನ್ನೂ ಆರಿರಲಿಲ್ಲ. ಅವನ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಬಂಕಿನ ಹೆಂಗಸು ಸೊಂಟಕ್ಕೆ ಕೈಕೊಟ್ಟು ನಿಂತು, "ನಾನೇ ಕಣ್ಣಾರೆ ನೋಡಿದೀನಿ. ಒಂದೇ ಸಲ. ಅದೂ ಗುದ್ದದೇ ಇದ್ದಿದ್ರೆ ಆ ಮನುಷ್ಯನ ಕಥೆ ಮುಗೀತಿತ್ತು," ಎಂದಳು. ನಿಜಕ್ಕೆ ಆ ಹೆಂಗಸು ಆಗ ಒಳಗೆ ಫೋನಿನ ಹತ್ತಿರ ಇದ್ದಳು. ಅಧಿಕಾರಿ ತಂಗಿಯ ಕಡೆ ತಿರುಗಿ, "ಒಂದೇನಾ?" ಎಂದ. ಅವಳು ಹೌದೆಂದು ತಲೆಯಾಡಿಸಿದಳು.

ಗುದ್ದಪ್ಪನಿಗೆ ಪಕ್ಕೆಲುಬು ಮುರಿದಿತ್ತು, ಹೆಗಲಿಗೆ ಉದ್ದಕ್ಕೂ ಹೊಲಿಗೆ. ಆಸ್ಪತ್ರೆಗೆ ಬಂದ ಅತ್ತಿಗೆ ಗಂಡನ ಊದಿದ ಮುಖ ನೋಡಲಿಲ್ಲ. ಮೊದಲು ಅವನ ಬಲಗೈ ಎತ್ತಿ ತಿರುಗಿಸಿ ಗೆಣ್ಣುಗಳನ್ನು ನೋಡಿದಳು. ಒಂದು ಗೀರೂ ಇರಲಿಲ್ಲ. ಆ ಕೈಯನ್ನು ಕೆನ್ನೆಗೊತ್ತಿಕೊಂಡು ಬಿಕ್ಕಿದಳು.

ತಂಗಿ ಅಣ್ಣನಿಂದ ಒಂದು ಒಳ್ಳೆಯ ಮಾತು ನಿರೀಕ್ಷಿಸಿದ್ದಳು. ಮನೆಗೆ ಬಂದ ಮೇಲೂ ಅವನು ಅವಳ ಜೊತೆ ಮಾತಾಡಲಿಲ್ಲ. ಒಂದು ಸಂಜೆ ಅವಳೇ ಸಹಿಸಲಾರದೆ, "ನಿನ್ನ ಜೀವ ಉಳಿಸಿದೀನಿ ಕಣೋ," ಎಂದಳು.

"ಮೊದಲ್ನೇದರಲ್ಲಿ ಉಳಿಸಿದೆ," ಎಂದ ಗುದ್ದಪ್ಪ. "ನಾನು ನೆಲದಲ್ಲಿ ಬಿದ್ದಿದ್ರೂ ಕಣ್ಣು ತೆರೆದೇ ಇತ್ತು. ಅವನು ಬೇಡ ಅಂದಿದ್ದು ನನಗೇ ಕೇಳಿಸ್ತು. ನಿನಗೆ ಕೇಳಿಸ್ಲಿಲ್ವಾ?"

ಅವಳು ಎದ್ದು ಮುಂದಿನ ಕೋಣೆಗೆ ಹೋಗಿ ಮೆಷಿನ್ನಿನ ಮುಂದೆ ಕೂತಳು. ಕೇಳಿಸಿತ್ತು. ಅವಳನ್ನು ತಿನ್ನುತ್ತಿದ್ದದ್ದೂ ಅದೇ. ಕೇಳಿಸಿದಾಗ ಮೈಯೊಳಗೆ ಏನೋ ಬೆಚ್ಚಗೆ ಹರಿದಿತ್ತು. ಬೆಟ್ಟದ ತಿರುವನ್ನು ಸರಿಯಾಗಿ ಬಾಗಿ ತೆಗೆದುಕೊಂಡಾಗ ಆಗುವಂಥದೇ ಸುಖ. ಹೊಲಿಯಬೇಕಾದ ಸೀಟಿನ ಮೇಲೆ ಕತ್ತರಿ ಅಡ್ಡಾದಿಡ್ಡಿ ಓಡಿ ರೆಕ್ಸಿನ್ ಹಾಳಾಯಿತು.

ಮರುದಿನ ಬಸ್ಸು ಹಿಡಿದು ಐಸ್ ಗಾಡಿಯವನ ಮನೆಗೆ ಹೋದಳು. ಅವನ ತಾಯಿ ಬಾಗಿಲು ತೆಗೆದು, ಯಾರೆಂದು ತಿಳಿದ ಮೇಲೂ ದಾರಿ ಬಿಟ್ಟಳು. ಒಂದೇ ಕಿಟಕಿಯ ಕೋಣೆ. ತೊಡೆಯಿಂದ ಪಾದದವರೆಗೂ ಪ್ಲಾಸ್ಟರು ಹಾಕಿಸಿಕೊಂಡು ಅವನು ಮಂಚದ ಮೇಲೆ ಕೂತಿದ್ದ. ಪಕ್ಕದ ಸ್ಟೂಲಿನ ಮೇಲೆ ನೀರಿನ ಸ್ಟೀಲ್ ಜಗ್ಗು, ಗೋಡೆಗೆ ಒರಗಿಸಿದ ಊರುಗೋಲುಗಳು.

"ಕಾಲು ಹೇಗಿದೆ?" ಎಂದಳು.

"ಮಡಚೋಕಾಗಲ್ಲ ಅಂತಾರೆ. ಯಾವತ್ತೂ." ಅವನು ಪ್ಲಾಸ್ಟರಿನ ಅಂಚು ಕೆರೆದುಕೊಂಡ. "ಮೊದಲ್ನೇದು ಬಿಡು. ನನ್ನ ಕೈಯಲ್ಲೂ ಕೊಕ್ಕೆ ಇತ್ತು. ಎರಡನೇದು ಯಾಕೆ? ಕೈ ಎತ್ತಿದ್ದೆ ನಾನು. ನೋಡಿದೆ ತಾನೆ?"

"ನೋಡಿದೆ."

"ಮತ್ತೆ?"

ಬಸ್ಸಿನಲ್ಲಿ ಬರುವಾಗ ಅವಳು ಏನೇನೋ ಮಾತು ಹೊಂದಿಸಿಕೊಂಡಿದ್ದಳು. ಅವನ್ನೆಲ್ಲ ಬಿಟ್ಟು, "ಹೊಡೀಬೇಕು ಅನ್ನಿಸ್ತು," ಎಂದಳು. "ಹೊಡೆದೆ."

ಅವನು ಜಗ್ಗು ಎತ್ತಿ ಬೀಸಿದ. ನೀರಿನ ಸಮೇತ ಅದು ಅವಳ ಹುಬ್ಬಿಗೆ ಬಡಿಯಿತು. ಕಣ್ಣೊಳಗೆ ಬಿಸಿಯಾಗಿ ರಕ್ತ ತುಂಬಿತು. ತಡವರಿಸಿ ಗೋಡೆ ಹಿಡಿಯಲು ಹೋದ ಕೈಗೆ ಊರುಗೋಲು ಸಿಕ್ಕಿತು. ಅವಳು ಅದನ್ನು ಬಿಗಿಯಾಗಿ ಹಿಡಿದಳು. ಎತ್ತಿದರೆ ಎಲ್ಲಿಗೆ ತಾಗುತ್ತದೆ ಎಂಬುದೂ ಆ ಕ್ಷಣದಲ್ಲೇ ಹೊಳೆದುಹೋಯಿತು: ಅವನ ಬರಿಯ ಕುತ್ತಿಗೆ, ಕಿವಿಯ ಕೆಳಗೆ. ಮಂಚದ ಮೇಲಿನವನಿಗೂ ಹೊಳೆದಿರಬೇಕು, ತೋಳು ಅಡ್ಡ ಹಿಡಿದ.

ಅವಳು ಊರುಗೋಲನ್ನು ಮೊದಲಿದ್ದ ಜಾಗಕ್ಕೇ ಒರಗಿಸಿದಳು. ಅದು ಜಾರಿತು, ಮತ್ತೆ ಒರಗಿಸಿದಳು.

ತಾಯಿ ಬಾಗಿಲಲ್ಲಿ ಅವಳ ಕೈಗೊಂದು ಹಳೆಯ ಟವೆಲು ತುರುಕಿ, "ಇನ್ನು ಬರಬೇಡಮ್ಮ," ಎಂದಳು.

ಅದೇ ಟವೆಲನ್ನು ಹಣೆಗೊತ್ತಿಕೊಂಡು ಅವಳು ಮನೆಗೆ ಬಂದಳು. ಅತ್ತಿಗೆ ಗಾಯ ತೊಳೆದು ಪಟ್ಟಿ ಹಾಕಿದಳು. ಗಾಯದ ಮೇಲೆ ಅವಳ ಕೈ ಹಗುರವಾಗಿತ್ತು. ಬಾಗಿಲಲ್ಲಿ ನಿಂತ ಗುದ್ದಪ್ಪ, "ತಿರುಗಿ ಹೊಡೆದ್ಯಾ?" ಎಂದ.

"ಇಲ್ಲ."

"ಕೈ ನಡುಗ್ತಾ?"

"ತುಂಬ."

"ನಡುಗುತ್ತೆ," ಎಂದ ಅವನು. ಹೊಲಿಗೆ ಮೆಷಿನ್ನಿನ ಪಕ್ಕ ನಿಧಾನಕ್ಕೆ ಕೂತ. "ಕಂಕುಳಲ್ಲಿ ಇಟ್ಕೊಂಡ್ರೂ ನಡುಗುತ್ತೆ." ನಗಲು ಹೋಗಿ ಪಕ್ಕೆ ಹಿಡಿದುಕೊಂಡು ಮುಖ ಕಿವುಚಿದ. ಎಷ್ಟೋ ದಿನದ ಮೇಲೆ ಅವನು ಅವಳ ಜೊತೆ ನೇರವಾಗಿ ಮಾತಾಡಿದ್ದ. ಅವಳು ಅವನ ಮೊಣಕಾಲಿಗೆ ತಲೆಯಿಟ್ಟು ಅತ್ತಳು.

ಆ ವಾರವೇ ಅವಳು ಠಾಣೆಗೆ ಹೋಗಿ, ಗುದ್ದಿದ್ದು ಎರಡು ಸಲ, ಎರಡನೆಯದು ಅವನು ಕೈ ಎತ್ತಿದ ಮೇಲೆ ಎಂದು ಹೇಳಿದಳು. ಅಧಿಕಾರಿಗೆ ಇದು ಸುತರಾಂ ಇಷ್ಟವಾಗಲಿಲ್ಲ. "ಮುಚ್ಚಿದ ಮಡಕೆ ಮುಚ್ಚಳ ಯಾಕಮ್ಮ ತೆಗೀತೀಯ? ಎಲ್ಲ ಮೊದಲಿಂದ ಬರೀಬೇಕು ನಾನು," ಎಂದು ಗೊಣಗಿದ. ಆದರೂ ಬರೆದ. ಕೇಸು ನಡೆಯುವವರೆಗೆ ಲೈಸೆನ್ಸು ಇಲ್ಲಿರಲಿ ಎಂದು ಕೈ ಚಾಚಿದ. ಕೊಟ್ಟಳು. ಬೆಟ್ಟ, ಮೈದಾನ, ಸಮುದ್ರ ಎಲ್ಲವೂ ಆ ಸೀಸನ್ನಿಗೆ ಅಲ್ಲಿಗೇ ಮುಗಿದವು. ಕೇಸಿನಲ್ಲಿ ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಹೊರಗೆ ಗುದ್ದಪ್ಪ ಬೈಕಿನ ಮೇಲೆ ಕಾಯುತ್ತಿದ್ದ. ಇನ್ನೂ ಓಡಿಸಬಾರದೆಂದು ಡಾಕ್ಟರು ಹೇಳಿದ್ದರೂ ಹಟ ಮಾಡಿ ತಂದಿದ್ದ. ಅವಳು ಹಿಂದೆ ಹತ್ತಿ ಕೂತು, ನೋವಾಗದಂತೆ ಅವನ ಸೊಂಟದ ಬೆಲ್ಟು ಹಿಡಿದಳು.

"ನಿಧಾನಕ್ಕೆ ಹೋಗೋ. ಹಣೆ ಸಿಡೀತಿದೆ."

"ನನ್ನ ಪಕ್ಕೆ ಏನು ಸುಮ್ನಿದ್ಯಾ?" ಎಂದು ಅವನು ಗೇರು ಹಾಕಿದ.

ಸೇತುವೆಯ ಮೇಲೆ ಒಂದು ಕಾರು ಹಿಂದಿನಿಂದ ಒಂದೇ ಸಮನೆ ಹಾರ್ನು ಬಡಿಯುತ್ತ ಬಂತು. ಮೈಗೆ ತಾಗುವಷ್ಟು ಹತ್ತಿರದಲ್ಲಿ ಮುಂದೆ ನುಗ್ಗಿತು. ಒಳಗಿದ್ದವನು ಕಿಟಕಿಯಿಂದ ಏನೋ ಹೊಲಸು ಬೈದ. ಅಣ್ಣನ ಬೆನ್ನು ಬಂಡೆಯಂತೆ ಸೆಟೆದದ್ದು ಅವಳಿಗೆ ತಿಳಿಯಿತು. ತನ್ನ ಹಲ್ಲುಗಳೂ ಕಚ್ಚಿಕೊಂಡಿದ್ದವು. ಗುದ್ದಪ್ಪ ಬೈಕನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿ ಎಂಜಿನ್ ಆರಿಸಿದ. ಕಾರು ಕಣ್ಮರೆಯಾಗುವವರೆಗೂ ಇಬ್ಬರೂ ಸೇತುವೆಯ ಕಂಬಿಗೆ ಒರಗಿ ನಿಂತು, ಕೆಳಗೆ ಹರಿಯುವ ಕೆಂಪು ನೀರನ್ನು ನೋಡುತ್ತ ಉಸಿರಾಡಿದರು.