ಅಮ್ಮ ಹೇಳಿದ್ದು ಅಷ್ಟು, ಮಗಳು ಹೇಳಿದ್ದು ಇಷ್ಟು

"ನಿದ್ದೆ ಸರಿಯಾಗಿ ಬರ್ತಿಲ್ಲವಂತೆ ಡಾಕ್ಟ್ರೇ. ಸ್ವಲ್ಪ ಸುಸ್ತು, ಅಷ್ಟೇ," ಎಂದಳು ಮಗಳು.

ಡಾಕ್ಟರು ತಲೆಯಾಡಿಸಿ ಚೀಟಿಯಲ್ಲಿ ಮಾತ್ರೆಯ ಹೆಸರು ಬರೆದರು. ಅಮ್ಮನ ತೋಳಿನಿಂದ ಬಿ.ಪಿ. ಪಟ್ಟಿ ಬಿಚ್ಚುತ್ತಿದ್ದ ನರ್ಸ್ ಮಾತ್ರ ಕೈ ನಿಲ್ಲಿಸಿ ಮಗಳ ಮುಖವನ್ನೇ ನೋಡಿದರು. ಯಾಕೆಂದರೆ ಅಮ್ಮ ಪೂರ್ತಿ ಐದು ನಿಮಿಷ ಮಾತಾಡಿದ್ದಳು. ಮಧ್ಯೆ ಎರಡು ಸಲ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು.

ಮುಂದಿನ ರೋಗಿಯನ್ನು ಒಳಗೆ ಬಿಟ್ಟು ನರ್ಸ್ ಹೊರಗೆ ಬಂದರು. ಅಮ್ಮನನ್ನು ಔಷಧಿ ಕೌಂಟರಿನ ಬೆಂಚಿನ ಮೇಲೆ ಕೂರಿಸಿ, ಮಗಳನ್ನು ನೀರಿನ ಫಿಲ್ಟರಿನ ಪಕ್ಕಕ್ಕೆ ಕರೆದರು.

"ಅಲ್ಲಮ್ಮಾ, ಅವರು ಅಷ್ಟುದ್ದ ಹೇಳಿದ್ರು. ನೀನು ಎರಡೇ ಮಾತಲ್ಲಿ ಮುಗಿಸಿದೆ. ನಿಮ್ಮ ಭಾಷೆ ಅಷ್ಟು ಚಿಕ್ಕದಾಗಿ ಮಡಚ್ಕೊಳ್ಳುತ್ತಾ?"

ಮಗಳು ಲೋಟಕ್ಕೆ ನೀರು ಹಿಡಿದಳು. ಅವರ ಭಾಷೆಯನ್ನು ಈ ಪಟ್ಟಣದಲ್ಲಿ ಆಡುವವರು ಇರುವುದು ನಾಲ್ಕು ಓಣಿಗಳಲ್ಲಿ ಮಾತ್ರ. ಆಸ್ಪತ್ರೆಯಲ್ಲಿ ಅದು ಯಾರಿಗೂ ಬಾರದು. ಅಮ್ಮ ಹೇಳಿದ್ದೇನು ಎಂಬುದು ಈ ಕಟ್ಟಡದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

"ಹೋಟೆಲಿನ ಲಾಂಡ್ರಿಯಲ್ಲಿ ಅಮ್ಮ ಹಾಸಿಗೆ ಬಟ್ಟೆ ಮಡಚ್ತಾಳೆ ಸಿಸ್ಟರ್," ಎಂದಳು ಕೊನೆಗೆ. "ಬಾಯಿ ಬಿಟ್ರೆ ಅಲ್ಲಿಯವರು ಅವಳ ಮಾತನ್ನ ಅಣಕಿಸ್ತಾರಂತೆ. ಹನ್ನೊಂದು ವರ್ಷದಿಂದ ದಿನಕ್ಕೆ ಎಂಟು ಗಂಟೆ ಬಾಯಿ ಮುಚ್ಕೊಂಡೇ ಇದ್ದೀನಿ, ಈಗ ಮನೆಗೆ ಬಂದ್ರೂ ತೆರೆಯೋ ಮನಸ್ಸಾಗಲ್ಲ ಅಂದ್ಳು. ಆಮೇಲೆ..."

"ಆಮೇಲೆ?"

"ಬೆಳಿಗ್ಗೆ ಎಚ್ಚರ ಆಗದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತೆ ಅಂದ್ಳು."

"ಅದನ್ನ ನೀನು ಸುಸ್ತು ಅಂತ ಮಾಡಿದೆ."

"ನನ್ನ ಬಾಯಿಂದ ಹೇಗೆ ಹೇಳಲಿ ಸಿಸ್ಟರ್?"

ನರ್ಸ್ ಬೈಯಲಿಲ್ಲ. "ಹಿಂದಿನ ವಾರ ಒಬ್ಬ ಗಂಡ ಬಂದಿದ್ದ. ಹೆಂಡ್ತಿ ಮೂರು ದಿನದಿಂದ ಊಟ ಬಿಟ್ಟಿದ್ದಾಳೆ, ಇವನು ಗ್ಯಾಸ್ಟ್ರಿಕ್ ಅಂತಾನೆ. ಮನೆಯವರನ್ನ ಮಾತು ದಾಟಿಸೋಕೆ ಕೂರಿಸಿದ್ರೆ ಎಲ್ಲರೂ ಹೀಗೇ ಮಾಡ್ತಾರೆ. ನಡಿ, ಒಳಗೆ ಹೋಗೋಣ. ಈ ಸಲ ಪೂರ್ತಿ ಹೇಳು."

ಪೂರ್ತಿ ಹೇಳಿದಳು. ಡಾಕ್ಟರು ಮೊದಲ ಚೀಟಿ ಹರಿದು ಹಾಕಿ ಅಮ್ಮನನ್ನು ಮತ್ತೆ ಒಳಗೆ ಕರೆಸಿದರು. "ಪ್ರಾಣ ತೆಗೆದುಕೊಳ್ಳೋ ಯೋಚನೆ ಬಂದಿದೆಯಾ ಅಂತ ಕೇಳಮ್ಮ," ಎಂದರು. ಮಗಳು ಕೇಳಿದಳು. ಅರ್ಧದಲ್ಲೇ ಅತ್ತುಬಿಟ್ಟಳು. ಅಮ್ಮ ಡಾಕ್ಟರತ್ತ ತಿರುಗಿಯೂ ನೋಡಲಿಲ್ಲ. ಮಗಳ ಕೆನ್ನೆ ಸವರಿ, "ಅಯ್ಯೋ ಇಲ್ಲ ಕಣೇ, ಸುಮ್ಮನೆ ಏನೋ ಅಂದೆ. ನೀನ್ಯಾಕೆ ಅಳ್ತೀಯಾ?" ಎಂದಳು.

ಮಗಳು ಅದನ್ನು ಇದ್ದಂತೆಯೇ ಕನ್ನಡದಲ್ಲಿ ಹೇಳಿದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. ಇದು ಉತ್ತರವಲ್ಲ ಮಗಳಿಗೆ ಹೇಳಿದ ಸಮಾಧಾನ ಎಂಬುದು ಡಾಕ್ಟರು, ನರ್ಸ್, ಮಗಳು ಮೂವರಿಗೂ ತಿಳಿಯಿತು. ಬೇರೆ ಮಾತ್ರೆಯ ಜೊತೆಗೆ, ವಾರಕ್ಕೊಮ್ಮೆ ಬರಬೇಕು, ಮನೆಯಲ್ಲಿ ಅಮ್ಮನನ್ನು ಒಂಟಿಯಾಗಿ ಬಿಡಬಾರದು, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು ಎಂದು ಬರೆದುಕೊಟ್ಟರು.

ಆ ದಿನ ಮಗಳಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಅವಳು ಮನಃಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವಳು. ಪಾಠ ಕೇಳುವಾಗ ಕಾಲೇಜು ಹುಡುಗರ ಗಮನ ಎಷ್ಟು ನಿಮಿಷ ನಿಲ್ಲುತ್ತದೆ ಎಂಬುದರ ಬಗ್ಗೆ ಮುನ್ನೂರು ಪುಟ ಬರೆದವಳು. ಓಣಿಯವರು ಅವಳನ್ನು ಕರೆಯುವುದೇ ಅರ್ಧ ಡಾಕ್ಟರು ಎಂದು. ಡಾಕ್ಟರ್ ಅಂತ ಬೋರ್ಡ್ ಇದೆ, ಜ್ವರ ಬಂದರೆ ಮಾತ್ರ ಉಪಯೋಗಕ್ಕಿಲ್ಲ ಎಂಬುದು ಅವರ ತಮಾಷೆ. ಅವತ್ತು ಆ ತಮಾಷೆಗೆ ಅವಳಿಗೆ ನಗು ಬರಲಿಲ್ಲ.

ಎರಡು ದಿನ ಬಿಟ್ಟು, ಅಮ್ಮನ ಜೊತೆ ಪಕ್ಕದ ಮನೆಯವರನ್ನು ಕೂರಿಸಿ ಮಗಳು ಅಪ್ಪನ ಅಂಗಡಿಗೆ ಬಂದಿದ್ದಾಗ, ಅಲ್ಲಿಯ ಹಳೆಯ ಗಿರಾಕಿಯಾದ ನರ್ಸ್ ಬಂದರು. ಅಪ್ಪ ಟೈಲರ್. ಹೊಸದಾಗಿ ಹೊಲಿಸುವವರು ಈಗ ಕಡಿಮೆ. ರೆಡಿಮೇಡ್ ಬಟ್ಟೆ ತಂದು ಉದ್ದ ಕತ್ತರಿಸಿ, ಸೊಂಟ ಬಿಡಿಸಿ ಎನ್ನುವವರೇ ಜಾಸ್ತಿ. ನರ್ಸ್‌ಗೆ ತಮ್ಮ ಯೂನಿಫಾರ್ಮಿನ ತೋಳು ಸಡಿಲ ಮಾಡಿಸಬೇಕಿತ್ತು. ಅದರ ಜೊತೆಗೆ ಒಂದು ಹಾಳೆಯನ್ನೂ ತಂದಿದ್ದರು.

"ಅರ್ಧ ಡಾಕ್ಟ್ರೇ, ಇದನ್ನ ಓದು. ಶುಕ್ರವಾರ ಕೊನೇ ದಿನ."

ಮಗಳು ಓದುವ ಮೊದಲೇ ಅಪ್ಪ ಕನ್ನಡಕದ ಮೇಲಿಂದ ಕೇಳಿದ. "ಏನದು ಸಿಸ್ಟರಮ್ಮ?"

"ಫೆಲೋಶಿಪ್ಪು ಟೈಲರಣ್ಣ. ಮನಃಶಾಸ್ತ್ರದಲ್ಲಿ ಪಿಎಚ್‌.ಡಿ. ಮುಗಿಸಿದವರಿಗೆ. ಎರಡು ವರ್ಷ."

"ಇನ್ನೂ ಓದಾ?" ಅಪ್ಪ ಕತ್ತರಿ ಇಟ್ಟ. "ಡಿಗ್ರಿ ಆಯ್ತು ಅಂದ್ಳು, ಇನ್ನೊಂದು ಡಿಗ್ರಿ ಅಂದ್ಳು. ಅದೂ ಆಯ್ತು, ಪಿಎಚ್‌.ಡಿ. ಅಂದ್ಳು. ಹತ್ತಿದ ಬಸ್ಸು ಊರು ಮುಟ್ಟೋದು ಬೇಡ್ವಾ? ಕಾಲೇಜಿನವರು ಪರ್ಮನೆಂಟ್ ಕೆಲಸ ಕೊಡ್ತೀವಿ ಅಂತಿದ್ದಾರೆ, ಸೋಮವಾರ ಹೋಗಿ ಸೇರ್ಕೋಬೇಕು."

"ಇದು ಓದಲ್ಲಣ್ಣ, ಕೆಲಸ. ವಾರದಲ್ಲಿ ಮೂರು ದಿನ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೂರಬೇಕು. ನೋಡಿ ತಿದ್ದೋಕೆ ಹಿರಿಯ ಮನಃಶಾಸ್ತ್ರಜ್ಞರು ಇರ್ತಾರೆ. ಮಿಕ್ಕ ಎರಡು ದಿನ ಸಂಶೋಧನೆ. ನಿಮ್ಮಂಥ ಸಣ್ಣ ಸಮುದಾಯದವರ ಮನಸ್ಸಿನ ಆರೋಗ್ಯ ಅಂತಲೇ ಮೀಸಲಿಟ್ಟಿದ್ದು. ತಿಂಗಳು ತಿಂಗಳು ಸಂಬಳಾನೂ ಬರುತ್ತೆ."

ಅಪ್ಪನ ಮುಖ ಗಂಟಾಯಿತು. "ನಮ್ಮವರ ಮನಸ್ಸು ಅಂತ ಬೇರೆ ಇದೆಯಾ? ಈಗಲೇ ಬಾಡಿಗೆಗೆ ಮನೆ ಕೇಳಿದ್ರೆ ಸಾವಿರ ಪ್ರಶ್ನೆ. ಇನ್ನು ನಮ್ಮವರಿಗೆಲ್ಲ ತಲೆ ಕೆಟ್ಟಿದೆ ಅಂತ ನನ್ನ ಮಗಳೇ ಪುಸ್ತಕ ಬರೆದ್ರೆ ಮುಗೀತು!"

ಆ ಭಯ ಸುಳ್ಳಲ್ಲ ಎಂದು ನರ್ಸ್‌ಗೂ ಗೊತ್ತಿತ್ತು.

"ತಲೆ ಕೆಟ್ಟಿದೆ ಅಂತ ಯಾರಂದ್ರು?" ಎಂದರು ಅವರು. "ಆಸ್ಪತ್ರೆಯಲ್ಲಿ ಒಂದು ಪ್ರಶ್ನೆಪಟ್ಟಿ ಇದೆ. ಮನಸ್ಸು ಎಷ್ಟು ಕುಗ್ಗಿದೆ ಅಂತ ಅಳೆಯೋಕೆ. ಅದು ಎಲ್ಲೋ ಯಾರಿಗೋ ಮಾಡಿದ್ದು. ಮಾತು ಆಡಿದ್ರೆ ನಗ್ತಾರಾ ಅಂತ ಅದರಲ್ಲಿ ಒಂದು ಪ್ರಶ್ನೆನೂ ಇಲ್ಲ. ನಿಮ್ಮವರು ಬಂದು ಅದಕ್ಕೆ ಉತ್ತರ ಕೊಟ್ರೆ ಎಲ್ಲ ಚೆನ್ನಾಗಿದೆ ಅಂತ ಬರುತ್ತೆ. ವಾಪಸ್ ಕಳಿಸ್ತೀವಿ."

"ರೆಡಿಮೇಡು," ಎಂದ ಅಪ್ಪ.

"ಅದೇ."

"ಅಂದ್ರೆ ಇವಳಿಗೂ ಆಲ್ಟರೇಷನ್ ಕೆಲಸ. ಸಂಬಳ ಕಾಲೇಜಿಗಿಂತ ಕಮ್ಮಿ ಇರಬೇಕಲ್ಲ?"

"ಸ್ವಲ್ಪ ಕಮ್ಮಿನೇ."

"ಆಲ್ಟರೇಷನ್ ಅಂದ್ರೆ ಯಾವತ್ತೂ ಕಮ್ಮಿನೇ!" ಅಪ್ಪ ನಕ್ಕ, ಆದರೆ ಒಪ್ಪಲಿಲ್ಲ. ಮಿಷನ್ನಿನ ಕಡೆ ತಿರುಗಿ ಪೆಡಲ್ ತುಳಿಯತೊಡಗಿದ. ತೋಳಿನ ಹೊಲಿಗೆ ಅರ್ಧಕ್ಕೆ ಬಂದಾಗ, ತಲೆ ಎತ್ತದೆ ಮಗಳನ್ನು ಕೇಳಿದ.

"ನಿಮ್ಮಮ್ಮ ಅವತ್ತು ಅಲ್ಲಿ ಏನಂದ್ಳು? ನಿದ್ದೆ ಬರಲ್ಲ ಅಂದ್ಳು ಅಂತ ನನಗೆ ಹೇಳಿದ್ದೆ."

ಅಪ್ಪನಿಗೂ ಅವಳು ಕತ್ತರಿಸಿಯೇ ಹೇಳಿದ್ದಳು. ಅಮ್ಮನನ್ನು ಒಂಟಿಯಾಗಿ ಬಿಡಬಾರದು ಎಂದಿದ್ದಳು, ಯಾಕೆ ಎಂದು ಹೇಳಿರಲಿಲ್ಲ. ಈಗ ನರ್ಸ್ ಎದುರಿಗೇ, ಒಂದು ಮಾತೂ ಬಿಡದೆ ಹೇಳಿದಳು. ಮಿಷನ್ ನಿಂತಿತು. ಸೂಜಿ ಬಟ್ಟೆಯೊಳಗೇ ಉಳಿಯಿತು.

"ಹನ್ನೊಂದು ವರ್ಷಾನಾ?" ಎಂದ ಅಪ್ಪ. "ಊಟಕ್ಕೆ ಕೂತಾಗ ಮಾತಾಡಲ್ಲ, ಸುಸ್ತಾಗಿರ್ತಾಳೆ ಅಂದ್ಕೊಂಡಿದ್ದೆ. ನಾನೂ ಸುಸ್ತು ಅಂತಾನೇ ಅಂದ್ಕೊಂಡೆ." ಚಕ್ರ ತಿರುಗಿಸಿ ಸೂಜಿ ಮೇಲೆತ್ತಿ, "ಇದಕ್ಕೆ ಮುಂಚೆ ಈ ಕೆಲಸಕ್ಕೆ ಯಾರೂ ಬಂದಿರ್ಲಿಲ್ವಾ?" ಎಂದು ಕೇಳಿದ.

"ಒಬ್ಬರು ಬಂದಿದ್ರು. ಒಳ್ಳೆಯವರೇ. ನಿಮ್ಮ ಭಾಷೆಯಲ್ಲಿ ನಮಸ್ಕಾರ, ನೀರು, ನೋವಿದೆಯಾ, ಇಷ್ಟು ಕಲಿತ್ರು. ನೋವಿದೆ ಅಂದ್ರೆ ಮುಂದೇನು ಕೇಳಬೇಕು ಅನ್ನೋದು ಬರ್ತಿರ್ಲಿಲ್ಲ."

ಅಪ್ಪ ಹಾಳೆಗೆ ಕೈ ಚಾಚಿದ. ಓದಲಿಲ್ಲ, ಕಟಿಂಗ್ ಟೇಬಲ್ಲಿನ ಮೇಲಿದ್ದ ಬಟ್ಟೆ ಸರಿಸಿ ಜಾಗ ಮಾಡಿದ. "ಇಲ್ಲೇ ಕೂತು ಬರಿ. ಕಾಲೇಜಿನವರಿಗೂ ಒಂದು ಕಾಗದ ಬರಿ. ಮರ್ಯಾದೆಯಾಗಿ ಬರಿ, ನಾಳೆ ಬೇಕಾಗ್ತಾರೆ."

ಅರ್ಜಿಗೆ ಬೇಕಾದದ್ದು ಹೆಚ್ಚೇನಿರಲಿಲ್ಲ. ಪಿಎಚ್‌.ಡಿ. ಪ್ರಮಾಣಪತ್ರ, ಇಬ್ಬರು ಗುರುಗಳ ಶಿಫಾರಸು, ಏನು ಮಾಡಬೇಕೆಂದಿದ್ದೀರಿ ಎಂಬುದರ ಎರಡು ಪುಟ. ಆ ಎರಡು ಪುಟ ಅವಳಿಗೆ ಹಿಂದಿನ ಮುನ್ನೂರು ಪುಟಕ್ಕಿಂತ ಕಷ್ಟವಾಯಿತು. ಮೂರು ತಿಂಗಳ ಮೇಲೆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕಡತದ ಬೀರು ಸರಿಸಿ ಮಾಡಿದ ಒಂದು ಕೋಣೆಯಲ್ಲಿ, ಅವಳು ಕೆಲಸಕ್ಕೆ ಕುಳಿತಳು. ಮೊದಲ ವಾರ ಇಬ್ಬರು ಬಂದರು, ತಿಂಗಳಾಗುವಷ್ಟರಲ್ಲಿ ಹತ್ತೊಂಬತ್ತು ಜನ.

ಆ ಕೋಣೆಯಲ್ಲಿ ಎರಡು ಮೇಜುಗಳಿವೆ. ಫೆಲೋಶಿಪ್ ಇಬ್ಬರಿಗೆ. ಎರಡನೆಯದಕ್ಕೆ ಆ ಭಾಷೆ ಬಲ್ಲವರು ಯಾರೂ ಅರ್ಜಿ ಹಾಕಿಲ್ಲ. ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ಪಕ್ಕದ ಓಣಿಯಲ್ಲೋ ಮನಃಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿದವರು ಇದ್ದರೆ, ಇನ್ನೂ ಎಷ್ಟು ಓದ್ತೀಯಾ ಎಂದು ಕೇಳಬೇಡಿ. ಇಂಥ ಫೆಲೋಶಿಪ್‌ ಎಲ್ಲಿದೆ, ಕೊನೇ ದಿನ ಯಾವಾಗ ಎಂದು ಕೇಳಿ. ಅರ್ಜಿ ಬರೆಯಲು ಜಾಗ ಮಾಡಿಕೊಡಿ. ಒಬ್ಬರು ಇದ್ದಾರಲ್ಲ, ಸಾಕು ಎಂದುಕೊಳ್ಳಬೇಡಿ. ಯಾಕೆ ಸಾಲದು ಎಂಬುದನ್ನು ಆ ಮಗಳು ತನ್ನ ಅಮ್ಮನಿಂದಲೇ ತಿಳಿದಳು.

ಮಗಳು ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಅಮ್ಮ ವಾರದ ತಪಾಸಣೆಗೆ ಬಂದಿದ್ದಳು. ಮಾತ್ರೆ ನಿದ್ದೆ ಕೊಟ್ಟಿತ್ತು, ಮಾತು ಕೊಟ್ಟಿರಲಿಲ್ಲ. ಡಾಕ್ಟರ ಕೋಣೆಯ ಬಾಗಿಲಲ್ಲಿ ಮಗಳು ಅವಳ ಕೈ ಹಿಡಿದಳು.

"ಅಮ್ಮಾ, ನಾನು ಪಕ್ಕದಲ್ಲಿ ಕೂತ್ಕೋತೀನಿ. ಈಗ ನನಗೆ ತರಬೇತಿ ಆಗಿದೆ. ಈ ಸಲ ಒಂದಕ್ಷರಾನೂ ಬಿಡಲ್ಲ, ಅಳೋದೂ ಇಲ್ಲ. ನೀನು ಪೂರ್ತಿ ಹೇಳು."

ಅಮ್ಮ ಕೈ ಬಿಡಿಸಿಕೊಂಡಳು.

"ಬೇಡ," ಎಂದಳು. "ನಿನ್ನೆದುರಿಗೆ ನಾನು ಹೇಳಲ್ಲ. ನಮ್ಮ ಮಾತು ಬರೋ ಬೇರೆ ಯಾರನ್ನಾದ್ರೂ ಕರೆಸು."