ಮರುಬಡಿತ

“ಮುದ್ಕ ಬಡ್ಕೊಂಡ್ರೆ ಬಡ್ಕೊಳ್ಲಿ, ನೀನು ಹಂಡೆ ತೊಳಿ. ನೂರಿಪ್ಪತ್ತು ಜನ ಊಟಕ್ಕೆ ಬರ್ತಾರೆ, ನಿಮ್ಮಪ್ಪ ಬಂದು ತೊಳೀತಾನೇನೇ?”

ನರಹರಿ ಸಾರ್ ರೇಷ್ಮೆ ಪಂಚೆ ಎತ್ತಿ ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು. ಅಮೆರಿಕದ ಮೀರಾ ಮೆಸಾ ಬಡಾವಣೆಯ ಆ ಮನೆಯಲ್ಲಿ ಅವರು ಆರು ಮಂದಿ ಮುದುಕರನ್ನು ನೋಡಿಕೊಳ್ಳುವ ಕೇರ್ ಹೋಮ್ ನಡೆಸುತ್ತಿದ್ದರು. ನೋಡಿಕೊಳ್ಳುತ್ತಿದ್ದವಳು ನಾನು. ಮಲಗುತ್ತಿದ್ದುದು ಅದೇ ಗ್ಯಾರೇಜಿನಲ್ಲಿ, ವಾಟರ್ ಹೀಟರಿನ ಪಕ್ಕ. ಅವತ್ತು ಎದುರುಗಡೆಯ ಅವರ ಸ್ವಂತ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅಲ್ಲಿನ ಸಿಂಕಿಗೆ ಹಿಡಿಸದ ಪಾತ್ರೆಗಳೆಲ್ಲ ನನ್ನ ಮುಂದೆ ಬಿದ್ದಿದ್ದವು.

ಗೋಡೆಯ ಆಚೆ, ಆ ಆರು ಮಂದಿಯಲ್ಲೊಬ್ಬರಾದ ಎಮ್ಲಿನ್ ತಾತನ ಕೋಣೆ. ಮೂರು ಬಡಿತ, ಬಿಡುವು, ಮತ್ತೆ ಮೂರು ಬಡಿತ. ಸುಮ್ಮಸುಮ್ಮನೆ ಬೆಲ್ ಒತ್ತುತ್ತಾರೆಂದು ಸಾರ್ ಅದರ ಬ್ಯಾಟರಿ ಕಿತ್ತು ತಿಂಗಳಾಗಿತ್ತು.

ತೊಳೆದಿಟ್ಟ ಪಾತ್ರೆ ಒಯ್ಯಲು ಸಾರ್ ಹೆಂಡತಿ ಕಲಾವತಿ ಮೇಡಂ ಬಂದರು. ಒಯ್ಯುವ ಮುಂಚೆ ಪೈಪ್ ಹಿಡಿದು ಒಂದೊಂದಕ್ಕೂ ಮತ್ತೆ ನೀರು ಬಿಟ್ಟರು.

“ತಪ್ಪು ತಿಳ್ಕೋಬೇಡ ಚೆನ್ನಮ್ಮ. ಅತ್ತೆ ಬಂದಿದಾರಲ್ಲ, ನೀನು ಲೈನ್ಸ್ ಕಡೆಯವಳು ಅಂತ ಅವರಿಗೆ ಗೊತ್ತಾಗಿಬಿಟ್ಟಿದೆ.”

ಲೈನ್ಸ್ ಅಂದರೆ ಕೋಲಾರದ ಕಡೆ ಚಿನ್ನದ ಗಣಿಯ ಕೂಲಿಗಳಿಗೆ ಕಂಪನಿ ಕಟ್ಟಿಸಿದ ಸಾಲುಮನೆಗಳು. ನಮ್ಮಪ್ಪ ಅಲ್ಲಿಂದ ಗಣಿಗೆ ಇಳಿಯುತ್ತಿದ್ದ. ಒಂದು ದಿನ ಬಂಡೆ ಸಿಡಿದು ಮೇಲೆ ಬರಲಿಲ್ಲ. ಫೋನಿನಲ್ಲಿ ನಡೆಯುವ ಸಂಜೆ ಕ್ಲಾಸಿನಲ್ಲಿ ಕಲಿತ ಮುರುಕು ಇಂಗ್ಲಿಷಿನಲ್ಲಿ ಇದನ್ನು ಹೇಳಿದ ದಿನ ಎಮ್ಲಿನ್ ತಾತ ನನ್ನ ಕೈ ಬಿಡಲೇ ಇಲ್ಲ. ಟೊರೆನ್ಸಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅವರು. ಹುಟ್ಟಿದ್ದು ಮಾತ್ರ ವೇಲ್ಸ್‌ನ ಕಲ್ಲಿದ್ದಲ ಕಣಿವೆಯ ಸಾಲುಮನೆಯಲ್ಲಿ. ಎರಡು ಗುಡ್ಡಗಳ ಸಂದಿಯಲ್ಲಿ ಊರು, ಮನೆಗಳ ಹಿಂದೆ ಗಣಿಯ ಕಸ ಸುರಿದು ಎದ್ದ ಕರಿಯ ಗುಡ್ಡ. ಗಂಡಸರು ಒಲೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಮೀಯುತ್ತಿದ್ದರಂತೆ. ಬೆನ್ನು ಮಾತ್ರ ತೊಳೆಯುತ್ತಿರಲಿಲ್ಲವಂತೆ, ಸೊಂಟದ ಬಲ ಹೋಗುತ್ತದೆಂದು.

ತಾತನಿಗೆ ಆರು ವರ್ಷವಿದ್ದಾಗ ಗಣಿಯೊಳಗೆ ಬೆಂಕಿ ಬಿತ್ತು. ಅವರ ಅಪ್ಪ ಕೆಳಗಿದ್ದ. ಬೆಂಕಿ ಹರಡಬಾರದೆಂದು ಮೂರನೆಯ ದಿನ ಕಂಪನಿ ಗಣಿಯ ಬಾಯಿಗೆ ಇಟ್ಟಿಗೆ ಕಟ್ಟಿಸಿತು. ಆಗಲೂ ಒಳಗಿನಿಂದ ಬಡಿತ ಕೇಳುತ್ತಿತ್ತು. ಯಾವ ಸದ್ದೂ ಇರಲಿಲ್ಲ ಎಂದು ಕಂಪನಿ ವರದಿ ಬರೆಯಿತು. ತಾತನ ಅಮ್ಮ ಸಾಯುವ ತನಕ ಅಡುಗೆಮನೆಯ ನಲ್ಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದಳಂತೆ.

ಗಣಿಯವರಲ್ಲಿ ಒಂದು ಕಟ್ಟಳೆಯಿದೆ. ಸಿಕ್ಕಿಬಿದ್ದವನು ಬಡಿಯಬೇಕು. ಕೇಳಿಸಿಕೊಂಡವನು ತಿರುಗಿ ಬಡಿದರೆ, ‘ಬರುತ್ತಿದ್ದೇವೆ, ಸುಮ್ಮನಿರು, ಉಸಿರು ಉಳಿಸಿಕೋ’ ಎಂದರ್ಥ. ಹೋಗಲಾಗದವನು ತಿರುಗಿ ಬಡಿಯಬಾರದು. ಅವರ ಕಣಿವೆಯಲ್ಲೂ ಹಾಗೆ, ನಮ್ಮ ಲೈನ್ಸಿನಲ್ಲೂ ಹಾಗೆ.

ಅದು ಗೊತ್ತಿದ್ದೂ ನಾನು ಸೌಟಿನಿಂದ ಗೋಡೆಗೆ ಮೂರು ಸಲ ಬಡಿದೆ. ಕೈಯಲ್ಲಿದ್ದ ಹಂಡೆ ಮುಗಿಸಿ ಹೋಗೋಣ ಅಂದುಕೊಂಡಿದ್ದೆ.

ಆಚೆ ಬಡಿತ ನಿಂತಿತು.

“ನೋಡ್ದ್ಯಾ? ಬಾಯಿ ಮುಚ್ಕೊಂಡ,” ಸಾರ್ ನಕ್ಕು ಹೋದರು.

ಹಂಡೆಯ ಹಿಂದೆ ಕೊಪ್ಪರಿಗೆ ಬಂತು, ಅದರ ಹಿಂದೆ ತಪ್ಪಲೆಗಳು. ಸದ್ದಿಲ್ಲವಲ್ಲ, ಮಲಗಿರಬೇಕು ಅಂದುಕೊಂಡೆ. ನಿಜವಾಗಿ ಹಾಗೆ ಅಂದುಕೊಂಡೆನೋ, ಹೋಗದಿರಲು ಅದೊಂದು ನೆಪ ಸಿಕ್ಕಿತೋ, ಈಗ ಹೇಳಲಾರೆ.

ಮಂಗಳಾರತಿ ಮುಗಿದ ಮೇಲೆ, ಮೂರು ಗಂಟೆಗೆ ಹೋದೆ. ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದರು. ಆಕ್ಸಿಜನ್ ಕೊಳವೆ ಮೂಗಿನಿಂದ ಕಳಚಿ ಮಂಚದ ಮೇಲೆಯೇ ಉಳಿದಿತ್ತು. ಬೆರಳ ಗೆಣ್ಣುಗಳ ಚರ್ಮ ಸುಲಿದಿತ್ತು. ಕಿವಿ ಗೋಡೆಗೆ ಒತ್ತಿಕೊಂಡಿತ್ತು. ಬಾಯಿ ಬಿಗಿಯಾಗಿ ಮುಚ್ಚಿತ್ತು, ಉಸಿರು ಉಳಿಸಿಕೊಳ್ಳುವವರ ಹಾಗೆ.

ಹೆಣ ಹೋದ ಮೇಲೆ ಸಾರ್ ಚಾರ್ಟ್ ತಂದು ನನ್ನ ಮುಂದಿಟ್ಟರು. ಹನ್ನೆರಡಕ್ಕೆ, ಒಂದಕ್ಕೆ, ಎರಡಕ್ಕೆ ನಾನು ಹೋಗಿ ನೋಡಿದೆನೆಂದೂ ತಾತ ನಿದ್ರಿಸುತ್ತಿದ್ದರೆಂದೂ ಅದರಲ್ಲಿತ್ತು. ಕೊನೆಯ ಸಾಲು: ಯಾವ ಸದ್ದೂ ಇರಲಿಲ್ಲ.

“ಸೈನ್ ಹಾಕು.”

“ಈಗ್ ಬ್ಯಾಡ ಸಾ. ನಾಳಿಕ್ ಆಕ್ತೀನಿ.”

“ಬೇವರ್ಸಿ ಮುಂಡೆ, ಗೋಡೆ ಆಚೆ ಕೂತಿದ್ದು ನೀನು. ಕೇಸಾದ್ರೆ ಮೊದಲು ಎತ್ತಾಕ್ಕೊಂಡು ಹೋಗೋದು ನಿನ್ನನ್ನ. ವೀಸಾ ಸತ್ತು ಎರಡು ವರ್ಷ ಆಯ್ತು, ಪಾಸ್‌ಪೋರ್ಟ್ ನನ್ನ ಹತ್ರ ಇದೆ. ನೆನಪಿರ್ಲಿ.”

ಅವರು ಹೇಳಿದ್ದು ಸುಳ್ಳಲ್ಲ. ಯಾರದೋ ಮಗಳ ಬಾಣಂತನಕ್ಕೆಂದು ಬಂದವಳು ನಾನು. ಕೋವಿಡ್ಡಿಗೆ ವಿಮಾನ ನಿಂತಾಗ ಇಲ್ಲಿಯೇ ಉಳಿದೆ. ಮರುದಿನವೂ ಅವರು ಕೇಳಿದರು, ಮತ್ತೆ ನಾಳೆ ಎಂದೆ. ಬೆಳಿಗ್ಗೆ ಮುದುಕರಿಗೆ ಸ್ನಾನ ಮಾಡಿಸುವಾಗ ಹೀಟರಿನ ಕೊಳವೆಯೊಳಗೆ ಮೂರು ಬಡಿತ, ಬಿಡುವು, ಮೂರು ಬಡಿತ. ಬಿಸಿನೀರು ಹರಿದರೆ ಕೊಳವೆ ಸದ್ದು ಮಾಡುತ್ತದೆ, ಗೊತ್ತು. ಆದರೂ ಬಡಿಯುತ್ತಿದ್ದುದು ಎಮ್ಲಿನ್ ತಾತನೋ, ಅವರ ಅಪ್ಪನೋ, ನಮ್ಮಪ್ಪನೋ ಗೊತ್ತಾಗಲಿಲ್ಲ. ತಿರುಗಿ ಬಡಿಯಲು ಎತ್ತಿದ ಕೈಯನ್ನು ಇಳಿಸಿದೆ.

ಮೂರನೆಯ ದಿನ, ಕೇರ್ ಹೋಮ್‌ಗಳಿಗೆ ಲೈಸೆನ್ಸ್ ಕೊಡುವ ಆಫೀಸಿನ ಅಧಿಕಾರಿ ಬಂದಳು, ನಡುವಯಸ್ಸಿನ ಹೆಂಗಸು. ಸಾರ್ ಕಾಫಿ ಕೊಟ್ಟರು. ನನ್ನನ್ನು ತೋರಿಸಿ, ಇವಳಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ನಾನೇ ಅನುವಾದ ಮಾಡುತ್ತೇನೆ ಎಂದರು. ಆಕೆ ನನ್ನತ್ತ ತಿರುಗಿ, ಆ ಮಧ್ಯಾಹ್ನ ಏನಾದರೂ ಸದ್ದು ಕೇಳಿಸಿತೇ ಎಂದು ಕೇಳಿದಳು.

“ಸದ್ದು ಕೇಳಿಸ್ತಾ ಅಂತಿದಾರೆ,” ಸಾರ್ ನಗುತ್ತ ಕನ್ನಡದಲ್ಲಿ ಹೇಳಿದರು. “ಇಲ್ಲ ಅಂತ ತಲೆ ಆಡ್ಸು.”

ನಾನು ಆಕೆಗೇ ನೇರವಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಕೇಳಿಸಿತು. ಬರುತ್ತೇನೆಂದು ತಿರುಗಿ ಬಡಿದೆ. ಹೋಗಲಿಲ್ಲ. ಮೊದಲು ನನ್ನ ತಪ್ಪು ಬರೆದುಕೊಳ್ಳಿ. ಆಮೇಲೆ ಬೆಲ್ಲಿನ ಬ್ಯಾಟರಿ ಕಿತ್ತದ್ದು, ಬಡಿದುಕೊಳ್ಳಲಿ ಎಂದದ್ದು.

ಸಾರ್ ಮುಖದ ನಗು ಹಾಗೆಯೇ ಇತ್ತು. “ಪಾಸ್‌ಪೋರ್ಟ್ ಸುಟ್ಹಾಕ್ತೀನಿ ಸೂಳೆ. ನಿನ್ನ ಹೆಣ ಎತ್ತೋಕೂ ಈ ದೇಶದಲ್ಲಿ ಯಾರೂ ಬರಲ್ಲ,” ಎಂದರು, ಸಕ್ಕರೆ ಸಾಕೇ ಎಂದು ಕೇಳುವ ದನಿಯಲ್ಲಿ.

ಏನಂತೆ ಎಂದು ಆಕೆ ಕೇಳಿದಳು. ಅವರನ್ನಲ್ಲ, ನನ್ನನ್ನು.

ಒಂದೊಂದೇ ಪದ ಹುಡುಕಿ ಅನುವಾದ ಮಾಡಿದೆ. ‘ಹೆಣ’ ಎಂಬಲ್ಲಿ ಆಕೆಯ ಪೆನ್ನು ನಿಂತಿತು.

ಬರೆಯಿರಿ, ಎಂದೆ.